ನಾನು ತಗೊಂಡ ಎರಡು ಬ್ಯಾಕಪ್

ಕುಷ್ಟಗಿಯ ಕ್ರಾಸಿನಲ್ಲಿ ಲಾರಿಗಳ ಬ್ಯಾಟರಿಗೆ ನೀರು ಹಾಕುವ ಕೆಲಸದಿಂದ ನಾನು ಶುರು ಮಾಡಿದೆ. ಕೈಯಲ್ಲಿ ಒಂದು ಕ್ಯಾನು, ಒಂದು ಲಾಳಿಕೆ, ಅಷ್ಟೇ ಬಂಡವಾಳ. ಈಗ ಅದೇ ರಸ್ತೆಯಲ್ಲಿ ಇನ್ವರ್ಟರ್, ಬ್ಯಾಟರಿ ಮಾರುವ ಅಂಗಡಿ ಇದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನನ್ನು ಜನ ಇವತ್ತು ಪಂಪ್‌ಸೆಟ್ ಕೊಳ್ಳುವಾಗಲೂ ಟ್ರ್ಯಾಕ್ಟರ್ ಕೊಳ್ಳುವಾಗಲೂ ಜೊತೆಗೆ ಕರೆದೊಯ್ಯುತ್ತಾರೆ. ರೇಟು ಇಳಿಸುವುದಕ್ಕೆ. ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ: ಅಂಗಡಿಗೆ ಹೋದಾಗ ಬೇಕಾದ ಸಾಮಾನನ್ನು ನೋಡಬೇಡಿ, ಅದರ ಪಕ್ಕದ್ದನ್ನು ನೋಡಿ, ಅದರ ಬೆಲೆ ಕೇಳಿ. ಬೇಕಾದ್ದು ತಾನಾಗಿ ಅಗ್ಗವಾಗುತ್ತದೆ. ಈ ಚಾಲಾಕಿತನದಿಂದಲೇ ನಾನು ಬದುಕಿದ್ದೇನೆ. ಒಮ್ಮೆ ಅದು ನನ್ನನ್ನು ಚೆನ್ನಾಗಿಯೇ ಮಣ್ಣು ಮುಕ್ಕಿಸಿತು.

ನಮ್ಮೂರಿನ ದಾಳಿಂಬೆ ಬೆಳೆಗಾರರ ಸಂಘದಲ್ಲಿ ಒಬ್ಬ ಹುಡುಗಿ ಕೆಲಸ ಮಾಡುತ್ತಿದ್ದಳು. ಹುಟ್ಟಿದ್ದು ಯಲಬುರ್ಗಾ, ಕಂಪ್ಯೂಟರ್ ಓದಿದ್ದು ಕೊಪ್ಪಳದಲ್ಲಿ, ಮದುವೆಯಾಗಿ ಬಂದದ್ದು ನಮ್ಮ ಓಣಿಗೆ. ಬೆಳೆಗಾರರು ತಮ್ಮ ಗಿಡದ ಎಲೆಗಳ ಫೋಟೋ ತೆಗೆದು ಸಂಘದ ಫೋನಿಗೆ ಕಳಿಸುತ್ತಿದ್ದರು. ಇವಳು ಒಂದೊಂದನ್ನೂ ತೆರೆದು, ಇದು ಚುಕ್ಕಿ ರೋಗ ಬಿದ್ದ ಎಲೆ, ಇದು ಆರೋಗ್ಯದ ಎಲೆ ಎಂದು ಗುರುತು ಬರೆದು ಕಂಪ್ಯೂಟರಿಗೆ ಹಾಕುತ್ತಿದ್ದಳು. ಹಾಗೆ ಸಾಕಷ್ಟು ಎಲೆ ತೋರಿಸಿದರೆ ಯಂತ್ರ ತಾನೇ ರೋಗ ಗುರುತಿಸಲು ಕಲಿಯುತ್ತದಂತೆ. ಎರಡು ವರ್ಷ ಅವಳು ಈ ಕೆಲಸ ಮಾಡಿದ್ದಳು. ದೀಪಾವಳಿಯ ಹೊತ್ತಿಗೆ ಯಂತ್ರ ಸರಿಯಾಗಿ ಹೇಳಿ ತೋರಿಸಬೇಕು, ಇಲ್ಲದಿದ್ದರೆ ಸಂಘದ ಕಂಪ್ಯೂಟರ್ ಖೋಲಿ ಮುಚ್ಚುವುದು, ಅವಳ ಕೆಲಸವೂ ಅಲ್ಲಿಗೇ ಮುಗಿಯುವುದು ಎಂದು ಸಂಘದ ಸಭೆಯಲ್ಲಿ ತೀರ್ಮಾನವಾಗಿತ್ತು.

ಆ ಚಿತ್ರಗಳೆಲ್ಲ ಮೊದಲು ದೂರದ ಯಾವುದೋ ಕಂಪನಿಯ ಯಂತ್ರಗಳಲ್ಲಿ ಬಾಡಿಗೆಗೆ ಇದ್ದವು. ಬಾಡಿಗೆ ಏರುತ್ತಾ ಹೋಯಿತು. ನಮ್ಮ ಕಡೆಯ ನೆಟ್ಟಿನಲ್ಲಿ ಅವನ್ನು ಎಳೆದು ತರುವುದೂ ರಗಳೆ. ಸಂಘದ ಮಾಳಿಗೆಯ ಮೇಲೆ ನಮ್ಮದೇ ಯಂತ್ರ ಕೂಡಿಸೋಣ ಎಂದರು. ಅಧ್ಯಕ್ಷರು ಒಂದು ಚೀಟಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು.

"ಸಾವ್ಕಾರ್ರ, ಈ ಸಾಮಾನೆಲ್ಲ ನೀವ ತಗೊಂಡು ಬರ್ರಿ. ನಮ್ಮನ್ನ ಕಳಿಸಿದ್ರ ಅಂಗಡಿಯಾಂವ ಹೇಳಿದ ರೇಟಿಗಿ ಕೈಮುಗದು ಬರ್ತೀವಿ."

ಚೀಟಿ ಆ ಹುಡುಗಿ ಬರೆದದ್ದು. ಅಷ್ಟೊತ್ತಿಗೆ ಅವಳು ಹೆರಿಗೆಗೆಂದು ತವರಿಗೆ ಹೋಗಿದ್ದಳು. ಲೆಕ್ಕ ಮಾಡುವ ದೊಡ್ಡ ಕಂಪ್ಯೂಟರ್ ಒಂದು, ನಾಲ್ಕು ಡಿಸ್ಕ್ ಕೂಡುವ ಪೆಟ್ಟಿಗೆ ಒಂದು, ಎಸಿ ಒಂದು. ಕೊನೆಯ ಸಾಲು ಇನ್ನೂ ಕಣ್ಣಿಗೆ ಕಟ್ಟಿದೆ: "ಬ್ಯಾಕಪ್ – ಎರಡು. ಒಂದು ಬೇರೆ ಜಾಗದಲ್ಲಿ ಇರಬೇಕು."

ನನಗೆ ಖುಷಿಯಾಯಿತು. ಓದಿದ ಹುಡುಗಿಗೆ ಬ್ಯಾಟರಿಯ ಬಗ್ಗೆ ಎಷ್ಟು ತಿಳಿದಿದೆ ಅಂದುಕೊಂಡೆ. ನನ್ನ ಅಂಗಡಿಗೆ ಬರುವವರೆಲ್ಲ ಕೇಳುವ ಮೊದಲ ಮಾತೇ, "ಬ್ಯಾಕಪ್ ಎಷ್ಟು ತಾಸು ಬರ್ತೈತ್ರಿ?" ಎಂದು. ಇಪ್ಪತ್ತು ವರ್ಷಗಳಿಂದ ನನ್ನ ಕಿವಿಗೆ ಆ ಶಬ್ದಕ್ಕೆ ಒಂದೇ ಅರ್ಥ. ಬ್ಯಾಟರಿಯ ಆಸಿಡ್ ವಾಸನೆ ಯಂತ್ರದ ಖೋಲಿಯಲ್ಲಿ ಇರಬಾರದು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ. ಇವಳು ನಾನು ಹೇಳದೆಯೇ ಬರೆದಿದ್ದಾಳೆ! ಎರಡು ಜೋಡು ಬ್ಯಾಟರಿ ತಂದೆ. ಒಂದು ಜೋಡು ಖೋಲಿಯ ಹೊರಗಿನ ಪಡಸಾಲೆಯಲ್ಲಿ, ಇನ್ನೊಂದು ಮೆಟ್ಟಿಲ ಕೆಳಗೆ.

ಯಂತ್ರ ಕೂಡಿಸುವವನು ಹುಬ್ಬಳ್ಳಿಯಿಂದ ಬಂದು, ಚಿತ್ರಗಳನ್ನೆಲ್ಲ ನಮ್ಮ ಪೆಟ್ಟಿಗೆಗೆ ಇಳಿಸಿ, ಬಾಡಿಗೆಯದನ್ನು ಬಂದ್ ಮಾಡಿಸಿ ಹೋದ. ಮರುದಿನ ಯಲಬುರ್ಗಾದಿಂದ ಅವಳ ಫೋನು.

"ಕಾಕಾ, ಎಲ್ಲಾ ಕೂಡಿಸಿದ್ರಂತ. ಬ್ಯಾಕಪ್ ತಗೊಂಡ್ರೇನ್ರಿ?"

"ತಗೊಂಡೀನಿ ತಂಗಿ. ಎರಡೂ ತಗೊಂಡೀನಿ."

"ಒಂದು ಬ್ಯಾರೆ ಕಡೆ ಇಟ್ಟೀರಲ್ಲ?"

"ಮೆಟ್ಟಲ ಕೆಳಗ ಇಟ್ಟೀನಿ. ಜಾಳಿಗಿ ಬಾಗ್ಲಾ ಹಚ್ಚಿ ಕೀಲಿ ಹಾಕೀನಿ."

"ಮೆಟ್ಟಲ ಕೆಳಗ?" ಎಂದು ನಕ್ಕಳು. "ಬ್ಯಾರೆ ಊರಾಗ ಇಟ್ಟಿದ್ರ ಇನ್ನೂ ಛಲೋ ಇತ್ತು. ಇರ್ಲಿ ಬಿಡ್ರಿ, ನಾ ಬಂದ ಮ್ಯಾಲೆ ನೋಡೂಣು. ವಾರಾ ವಾರಾ ಮರೀಬ್ಯಾಡ್ರಿ ಮತ್ತ."

ಬೇರೆ ಊರಿನಲ್ಲಿ ಬ್ಯಾಟರಿ ಇಟ್ಟರೆ ವೈರು ಎಲ್ಲಿಂದ ಎಳೆಯಬೇಕು ಎಂದು ಕೇಳುವವನಿದ್ದೆ. ಅಷ್ಟರಲ್ಲಿ ಆ ಕಡೆ ಕೂಸು ಅತ್ತಿತು, ಫೋನು ಕಟ್ಟಾಯಿತು. ಬಾಣಂತಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ವಾರಕ್ಕೊಮ್ಮೆ ತಪ್ಪದೆ ಹೋಗಿ ಬ್ಯಾಟರಿಯ ನೀರು ನೋಡಿದೆ.

ಈಗ ಯಾರಾದರೂ ಕೇಳಬಹುದು, "ತಗೋ" ಎಂದರೆ ಕೊಳ್ಳುವುದು ಮಾತ್ರವೇ ಎಂದು. ನನ್ನಂಥವನಿಗೆ ಬೇರೆ ಅರ್ಥ ಎಲ್ಲಿಂದ ಹೊಳೆಯಬೇಕು? ಸಂತೆಯಲ್ಲಿ ತಗೊಂಡೆ, ಅಂಗಡಿಯಲ್ಲಿ ತಗೊಂಡೆ, ಬ್ಯಾಕಪ್ ತಗೊಂಡೆ. ಚಿತ್ರಗಳ ಇನ್ನೊಂದು ಪ್ರತಿ ಮಾಡಿ ಇಡುವುದಕ್ಕೂ ಕಂಪ್ಯೂಟರಿನವರು ಅದೇ ಮಾತು ಬಳಸುತ್ತಾರೆ ಎಂದು ತಿಳಿದಾಗ ಬೇಸಿಗೆ ನಡುವಿಗೆ ಬಂದಿತ್ತು.

ಅವತ್ತು ಲೈನ್ ರಿಪೇರಿ ಎಂದು ಮುಂಜಾನೆಯೇ ಕರೆಂಟ್ ಹೋಗಿತ್ತು. ಮಧ್ಯಾಹ್ನ ನಾನು ಸಂಘಕ್ಕೆ ಹೋದೆ. ನಿಜ ಹೇಳಬೇಕೆಂದರೆ ಮೆಚ್ಚುಗೆ ಗಳಿಸುವುದಕ್ಕೇ ಹೋದೆ. ಊರೆಲ್ಲ ಫ್ಯಾನ್ ನಿಂತಿತ್ತು, ನನ್ನ ಇನ್ವರ್ಟರಿನ ಹಸಿರು ದೀಪ ಉರಿಯುತ್ತಿತ್ತು. ಬೇವಿನ ಗಿಡದ ಕೆಳಗೆ ಕೂತಿದ್ದ ಸಂಘದ ಜವಾನನಿಗೆ, "ನೋಡಪಾ, ನಾಲ್ಕು ತಾಸಾತು, ಯಂತ್ರ ಒಂದ ಸಲಾನೂ ನಿಂತಿಲ್ಲ" ಎಂದೆ. ಅವನು, "ಹೌದ್ರಿ, ಒಳಗ ಏನೋ ಕುಂಯ್ ಕುಂಯ್ ಅನ್ನಾಕತ್ತೈತಿ" ಎಂದ.

ಬಾಗಿಲು ತೆರೆದೆ. ರೊಟ್ಟಿ ಬಡಿಯುವ ಒಲೆಯ ಮುಂದೆ ಮುಖ ಇಟ್ಟ ಹಾಗಾಯಿತು.

ಎಸಿಯನ್ನು ನಾನು ಬ್ಯಾಟರಿಗೆ ಕೊಟ್ಟಿರಲಿಲ್ಲ. ಕೊಟ್ಟರೆ ಅದು ಸ್ವಲ್ಪ ಹೊತ್ತಿನಲ್ಲೇ ಎಲ್ಲ ಕುಡಿದು ಮುಗಿಸುತ್ತದೆ. ತಂಪು ಹೊರಗೆ ಹೋಗಬಾರದೆಂದು ಕಿಟಕಿಗಳಿಗೆ ನಾನೇ ನಿಂತು ಸ್ಪಂಜು ತುರುಕಿಸಿದ್ದೆ. ಆ ಮುಚ್ಚಿದ ಖೋಲಿಯಲ್ಲಿ, ಆ ಬಿಸಿಲಿನಲ್ಲಿ, ಕಂಪ್ಯೂಟರ್ ನಾಲ್ಕು ತಾಸು ನಿಲ್ಲದೆ ಓಡಿತ್ತು. ನನ್ನ ಬ್ಯಾಟರಿ ಕೆಟ್ಟದ್ದಾಗಿದ್ದರೆ ಯಂತ್ರ ಮುಂಜಾನೆಯೇ ಬಂದ್ ಆಗಿ ಉಳಿಯುತ್ತಿತ್ತು. ಡಿಸ್ಕಿನ ಪೆಟ್ಟಿಗೆಯ ಮೇಲೆ ಎರಡು ಕೆಂಪು ದೀಪ ಉರಿಯುತ್ತಿದ್ದವು.

ಹುಡುಗಿಗೆ ಫೋನ್ ಹಚ್ಚಿದೆ. ಅವಳೇ ನನಗೆ ಸಮಾಧಾನ ಹೇಳಿದಳು.

"ಗಾಬರಿ ಆಗಬ್ಯಾಡ್ರಿ ಕಾಕಾ. ನಾಲ್ಕರಾಗ ಎರಡು ಹೋದ್ರ ಆ ಪೆಟಿಗಿ ಮುಗೀತು ಖರೆ, ಆದ್ರ ಬ್ಯಾಕಪ್ ಐತೆಲ್ಲ. ಮೆಟ್ಟಲ ಕೆಳಗಿಂದು ಹೊರಗ ತಗೀರಿ."

"ಹೊರಗ ತಗದು ಏನ್ ಮಾಡ್ಲಿ? ಅದು ಇನ್ನೂ ಫುಲ್ ಐತಿ."

"ಏನು ಫುಲ್ ಐತಿ?"

"ಬ್ಯಾಟರಿ."



"ಬ್ಯಾಟರಿ..." ಎಂದಳು, ಮೆಲ್ಲಗೆ.

ಮರುದಿನ ಬಸ್ಸಿಗೆ ಬಂದಳು. ಸೆರಗಿನಲ್ಲಿ ಎರಡು ತಿಂಗಳ ಕೂಸು, ಹಿಂದೆ ಅವಳ ತಾಯಿ. ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬ್ಯಾಕಪ್ ಅಂದ್ರ ಬ್ಯಾಟರಿ ತಂದ ಪುಣ್ಯಾತ್ಮ ನೀವ ಏನ್ರಿ? ಹಸಿ ಬಾಣಂತೀನ ಬಿಸಲಾಗ ಬಸ್ ಹತ್ತಿಸಿದ್ರಲ್ಲ" ಎಂದರು. ಉತ್ತರ ಕೊಡುವುದರಲ್ಲಿ ನಾನು ಯಾರಿಗೂ ಕಡಿಮೆ ಇಲ್ಲ. ಅವತ್ತು ಅವರ ಚೀಲ ಎತ್ತಿಕೊಂಡು ಮಾಳಿಗೆ ಹತ್ತಿದೆ.

ಹುಡುಗಿ ಬೈಯಲಿಲ್ಲ, ಅದೇ ಕಷ್ಟವಾಯಿತು. ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು, "ಎರಡು ವರ್ಷ, ಕಾಕಾ" ಎಂದಳು, ಅಷ್ಟೆ. ಪೆಟ್ಟಿಗೆಯನ್ನು ಹುಬ್ಬಳ್ಳಿಯ ರಿಪೇರಿಯವರ ಹತ್ತಿರ ಒಯ್ದೆವು. ಚಿತ್ರಗಳು ನಾಲ್ಕೂ ಡಿಸ್ಕಿನಲ್ಲಿ ಚೂರುಚೂರಾಗಿ ಹಂಚಿಹೋಗಿವೆ, ಎರಡು ಸತ್ತರೆ ಉಳಿದ ಎರಡರಿಂದ ಏನೂ ಕೂಡುವುದಿಲ್ಲ ಎಂದರು. ಸಂಘದ ಫೋನು ತುಂಬಿ ತುಂಬಿ ಯಾವಾಗಲೋ ಖಾಲಿ ಮಾಡಿದ್ದಾಗಿತ್ತು.

ನನಗೆ ಕಂಪ್ಯೂಟರ್ ಗೊತ್ತಿಲ್ಲ, ಜನ ಗೊತ್ತು. ಫೋಟೋ ತೆಗೆದವರು ಬೆಳೆಗಾರರು. ಅವರ ಫೋನಿನಲ್ಲಿ ಉಳಿದಿರಬೇಕಲ್ಲ? ಅಂಗಡಿಯಿಂದ ಮೆಮೊರಿ ಕಾರ್ಡುಗಳನ್ನು ಜೇಬಿಗೆ ತುಂಬಿಕೊಂಡು ಬೈಕ್ ಹತ್ತಿದೆ. ಫೋನಿನಲ್ಲಿರುವ ಹಳೆಯ ಎಲೆ ಫೋಟೋ ನಮಗೆ ಕೊಟ್ಟವರಿಗೆ ಒಂದು ಕಾರ್ಡು. ಬಿಟ್ಟಿ ಕೇಳಿದರೆ ನಾಳೆ ಬಾ ಎನ್ನುತ್ತಾರೆ, ಅದಲುಬದಲು ಎಂದರೆ ಕುರ್ಚಿ ಹಾಕುತ್ತಾರೆ. ಇದನ್ನು ನೀವೂ ನೆನಪಿಡಿ.

ಒಬ್ಬ ತೋಟದ ಯಜಮಾನ ಫೋನು ಎದೆಗೆ ಹಿಡಿದುಕೊಂಡು ಚೌಕಾಶಿಗೇ ಇಳಿದ. "ಎಲಿ ಫೋಟೋಕ್ಕ ಒಂದು ಕಾರ್ಡು. ನನ್ನ ಹೋರಿ ಫೋಟೋನೂ ಅದಾವ, ಅವಕ್ಕ ಇನ್ನೊಂದು ಕೊಡ್ರಿ."

"ನಿನ್ನ ಹೋರಿಗಿ ಚುಕ್ಕಿ ರೋಗ ಬಂದೈತೇನು?"

"ಮೈಮ್ಯಾಲೆ ಚುಕ್ಕಿ ಅದಾವ ನೋಡ್ರಿ!" ಎಂದು ನಕ್ಕು ಫೋನು ಕೊಟ್ಟ.

ಇಪ್ಪತ್ತು ದಿನ ತಿರುಗಿದೆ. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಚಿತ್ರಗಳು ಮರಳಿ ಬಂದವು ಎಂದು ಹುಡುಗಿ ಅಂದಾಜು ಮಾಡಿದಳು. ಹೊಸ ಡಿಸ್ಕ್ ಹಾಕಿ, ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಎಲ್ಲಕ್ಕೂ ಮತ್ತೆ ಗುರುತು ಬರೆದಳು. ಯಂತ್ರಕ್ಕೆ ಕಲಿಸಿ ಪರೀಕ್ಷೆ ಮಾಡಿದಳು. ಅದು ಎಲ್ಲ ಎಲೆಗೂ ರೋಗ ಎಂದಿತು. ಅಂಗಳದ ಬೇವಿನ ಎಲೆ ತೋರಿಸಿದರೂ ರೋಗ ಎಂದಿತು.

"ಕಾಕಾ, ಇಲ್ಲಿ ನೋಡ್ರಿ," ಎಂದು ಚಿತ್ರಗಳನ್ನು ಸರಸರ ಸರಿಸಿ ತೋರಿಸಿದಳು. "ಎಲ್ಲಾ ಚುಕ್ಕಿ ಬಿದ್ದ ಎಲಿನ. ಛಲೋ ಎಲಿ ನೂರಕ್ಕ ಒಂದೂ ಇಲ್ಲ. ಗುರುತು ಬರಿಯೂ ಗಡಿಬಿಡ್ಯಾಗ ನನ್ನ ಲಕ್ಷ್ಯಕ್ಕ ಬರ್ಲಿಲ್ಲ."

ಆಗ ನನಗೆ ತಿಳಿಯಿತು. ರೋಗದ ಎಲೆಯ ಫೋಟೋವನ್ನು ಬೆಳೆಗಾರ ಔಷಧಿ ಅಂಗಡಿಯಲ್ಲಿ ತೋರಿಸಲು ಇಟ್ಟುಕೊಂಡಿದ್ದ. ಆರೋಗ್ಯದ ಎಲೆಯದನ್ನು ಕಳಿಸಿದ ಕೂಡಲೇ ಅಳಿಸಿದ್ದ. ಅವನದೇನು ತಪ್ಪು? ನಾನೂ ಹಾಗೆಯೇ. ನನ್ನ ಅಂಗಡಿಯ ವಹಿಯಲ್ಲಿ ಕೆಟ್ಟು ಮರಳಿ ಬಂದ ಬ್ಯಾಟರಿಗಳ ವಿವರ ಪುಟಗಟ್ಟಲೆ ಇದೆ. ವರ್ಷಗಟ್ಟಲೆ ಸುಮ್ಮನೆ ಕೆಲಸ ಮಾಡಿದವುಗಳ ಬಗ್ಗೆ ಒಂದು ಸಾಲೂ ಇಲ್ಲ. ಯಾವುದು ಸರಿ ಇರುತ್ತದೋ ಅದನ್ನು ಬರೆದಿಡಬೇಕು ಎಂದು ನಮಗೆ ಅನ್ನಿಸುವುದೇ ಇಲ್ಲ. ಆದರೆ ಯಂತ್ರಕ್ಕೆ ಒಳ್ಳೆಯದು ಹೇಗಿರುತ್ತದೆ ಎಂದು ತೋರಿಸದೆ ಕೆಟ್ಟದ್ದನ್ನು ಕಲಿಸಲು ಬರುವುದಿಲ್ಲ. ಈ ಮಾತನ್ನು ನಾನು ಬಹಳ ದಿನ ತಲೆಯಲ್ಲಿ ತಿರುಗಿಸಿದ್ದೇನೆ.

ಅದೃಷ್ಟಕ್ಕೆ ಮಳೆ ಶುರುವಾಗಿತ್ತು, ತೋಟಗಳಲ್ಲಿ ಹೊಸ ಚಿಗುರು ಬಲಿಯುತ್ತಿತ್ತು. ಹುಡುಗಿ ಒಂದು ಸಾಲು ಹಿಡಿದಳು, ನಾನು ಇನ್ನೊಂದು. ಎಲೆಯ ಹಿಂದೆ ಬೆರಳು ಕೊಟ್ಟು ಫೋಟೋ ತೆಗೆಯುತ್ತಾ ಹೋದೆವು. ದಾರಿಯಲ್ಲಿ ಹೋಗುವವರಿಗೆ ಅದೊಂದು ಮೋಜು.

"ಸಾವ್ಕಾರ್ರ, ಏನೂ ಆಗದ ಎಲೀದು ಯಾಕ ಫೋಟೋ?"

"ಏನೂ ಆಗಿಲ್ಲ ಅಂತ ಸಾಕ್ಷಿ ಬೇಕಪಾ."

"ಹಂಗಾರ ನನ್ನದೂ ಒಂದು ತಗೀರಿ. ಮನ್ಯಾಗ ನನಗ ಏನೂ ಆಗಿಲ್ಲಂದ್ರ ನಂಬಂಗಿಲ್ಲ."

ಎರಡು ತಿಂಗಳು, ತೋಟದಿಂದ ತೋಟಕ್ಕೆ, ನನ್ನ ಅಂಗಡಿಯನ್ನು ತಮ್ಮನಿಗೆ ಬಿಟ್ಟು ತಿರುಗಿದೆ. ಪ್ರಾಯಶ್ಚಿತ್ತ ಎಂದೆಲ್ಲ ದೊಡ್ಡ ಮಾತು ಬೇಡ. ನನ್ನ ಕೈಯಿಂದ ಕೆಟ್ಟ ಮಾಲು ಹೋದರೆ ಬದಲಿ ಕೊಡುವುದು ನಮ್ಮ ವ್ಯಾಪಾರದ ರೂಢಿ. ಕೊಟ್ಟೆ.

ದೀಪಾವಳಿಗೆ ಮೊದಲು ಸದಸ್ಯರೆಲ್ಲ ಒಂದೊಂದು ಎಲೆ ಹಿಡಿದು ಮಾಳಿಗೆ ಹತ್ತಿದರು. ಹುಡುಗಿ ಒಂದೊಂದೇ ಎಲೆಯ ಫೋಟೋ ತೆಗೆದು ಯಂತ್ರಕ್ಕೆ ತೋರಿಸಿದಳು. ಯಂತ್ರ ಹೆಚ್ಚಿನವನ್ನು ಸರಿ ಹೇಳಿತು. ಧೂಳು ಕೂತ ಎರಡು ಎಲೆಗೆ ರೋಗ ಎಂದು ತಪ್ಪು ಹೇಳಿತು. "ನಮ್ಮ ಮನಿ ಆಳೂ ಹಂಗ ಹೇಳ್ತಾನ" ಎಂದು ಯಾರೋ ನಗಿಸಿದರು. ಅಧ್ಯಕ್ಷರು ಸುತ್ತ ನೋಡಿ, "ಇನ್ನೊಂದು ವರ್ಷ ನಡೀಲಿ" ಎಂದರು. ಹುಡುಗಿ ಕೂಡಲೇ ಎದ್ದು ನಿಂತು, "ಹಂಗಾರ ಇದರ ಇನ್ನೊಂದು ಪ್ರತಿ ಗಂಗಾವತಿಯಾಗ ಇರಬೇಕ್ರಿ" ಎಂದಳು. ಈ ಸಲ ಬ್ಯಾಕಪ್ ಎಂಬ ಮಾತನ್ನೇ ಆಡಲಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಜಾಗ ಮಾತಾಡಿದೆ. ಬೇರೆ ಊರು, ಬೇರೆ ಲೈನು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಕಪಾಟಿನಲ್ಲಿಟ್ಟು ಕೀಲಿ ಹಾಕಲು ಹೊರಟೆ. ಅವಳು ಕೈ ಹಿಡಿದಳು.

"ತಡೀರಿ ಕಾಕಾ. ತಗದು ನೋಡೂಣು."

"ನಿನ್ನೆ ನೀನ ಹಾಕೀಯಲ್ಲವ್ವಾ?"

"ಹಾಕೀನಿ. ಬಂದೈತೋ ಇಲ್ಲೋ ನೋಡಬೇಕಲ್ಲ."

ಗಿರಣಿಯವರ ಕಂಪ್ಯೂಟರಿಗೆ ಜೋಡಿಸಿ, ಕಣ್ಣು ಮುಚ್ಚಿ ಎಲ್ಲೋ ಒಂದು ಕಡೆ ಒತ್ತಿದಳು. ಪರದೆಯ ತುಂಬ ಏನೋ ಕಂದು ಬಣ್ಣದ್ದು ಬಂತು. ಇಬ್ಬರೂ ಬಗ್ಗಿ ನೋಡಿದೆವು.

"ಕಾಕಾ, ಇದು ನಿಮ್ಮ ಹೆಬ್ಬೆಟ್ಟು!"

ಹೌದು, ನನ್ನದೇ. ಆಸಿಡ್ ತಾಗಿ ಉಗುರು ಕಪ್ಪಾದ ಹೆಬ್ಬೆರಳು. ಅದರ ಹಿಂದೆ ಎಲೆಯ ತುದಿ ಚೂರೇ ಚೂರು ಕಾಣುತ್ತಿತ್ತು.

"ಅಳಸವ್ವಾ ಅದನ್ನ," ಎಂದೆ. "ನಿನ್ನ ಯಂತ್ರ ನನ್ನ ಹೆಬ್ಬೆಟ್ಟಿಗೂ ರೋಗ ಅಂದೀತು."

"ಬ್ಯಾಡ್ರಿ, ಇರ್ಲಿ," ಎಂದು ಅವಳು ಅದರ ಕೆಳಗೆ ಏನೋ ಬರೆದಳು. ನಾನು ಕನ್ನಡಕ ಏರಿಸಿ ಓದಿದೆ. "ಎಲೆ ಅಲ್ಲ" ಎಂದಿತ್ತು.

"ಎಲಿ ಯಾವದಲ್ಲ ಅನ್ನೂದೂ ಅದಕ್ಕ ಗೊತ್ತಿರಬೇಕ್ರಿ, ಕಾಕಾ," ಎನ್ನುತ್ತಾ ಅವಳು ಮುಂದಿನ ಚಿತ್ರ ತೆರೆದಳು.