ಚಿಲಿ ದೇಶದ ಕೆಮ್ಮು

ಆಗ ನನಗೆ ಇಪ್ಪತ್ತೊಂದು ವರ್ಷ. ಸಿಂಧನೂರಿನ ಒಂದು ಶಾಲೆಯಲ್ಲಿ ಭೂಗೋಳದ ಮಾಸ್ತರ. ನಿಜಾಮರ ಆಡಳಿತದ ಕೊನೆಯ ದಿನಗಳು ಅವು. ಕೊನೆಯವು ಎಂದು ಈಗ ಹೇಳುತ್ತೇನೆ, ಆಗ ಯಾರಿಗೆ ಗೊತ್ತಿತ್ತು? ಗೊತ್ತಿದ್ದದ್ದು ಇಷ್ಟೇ: ತುಂಗಭದ್ರೆಯ ಆಚೆ ದಂಡೆ ಬೇರೆ ದೇಶವಾಗಿತ್ತು, ಈಚೆ ದಂಡೆಯಲ್ಲಿ ಬಂದೂಕಿನವರು ಕೂತಿದ್ದರು. ಮಸ್ಕಿ ಕಡೆಯ ಒಬ್ಬ ಮಾಸ್ತರರನ್ನು ಪೊಲೀಸರು ತರಗತಿಯಿಂದಲೇ ಎಬ್ಬಿಸಿ ಲಿಂಗಸುಗೂರಿಗೆ ಕರೆದೊಯ್ದಿದ್ದರು. ಹದಿನೈದು ದಿನವಾದರೂ ಬಿಟ್ಟಿರಲಿಲ್ಲ.

ನನ್ನದು ಬಾಯಿ ಸುಮ್ಮನಿರದ ಜನ್ಮ. ಯಾರನ್ನು ಒಮ್ಮೆ ಕೇಳಿದರೂ ಅವರ ದನಿ ನನ್ನ ಗಂಟಲಲ್ಲಿ ಬಿಡಾರ ಹೂಡುತ್ತಿತ್ತು. ನನ್ನ ಸ್ವಂತ ದನಿ ಮಾತ್ರ ಗೂಟಕ್ಕೆ ಕಟ್ಟಿದ ಮೇಕೆಯದು. ಅದಕ್ಕೇ ಇರಬೇಕು, ಬೇರೆಯವರದನ್ನು ಕಡ ತಂದು ಬದುಕುತ್ತಿದ್ದೆ. "ನಿನ್ನ ನಾಲಿಗಿ ಒಂದಿನ ನಿನ್ನ ಕೊರಳಿಗೇ ಹಗ್ಗ ಆಗ್ತದ ನೋಡಲೇ," ಎನ್ನುತ್ತಿದ್ದಳು ಅವ್ವ. ಅದನ್ನೂ ಅವಳ ದನಿಯಲ್ಲೇ ಅವಳಿಗೆ ಹೇಳಿ ತೋರಿಸುತ್ತಿದ್ದೆ.

ಪುಸ್ತಕ ಉರ್ದುವಿನಲ್ಲಿ, ಹುಡುಗರು ಕನ್ನಡದ ಮನೆಯವರು, ಹೊತ್ತು ಮಧ್ಯಾಹ್ನದ್ದು. ಪಾಠ ಶುರುವಾದರೆ ಅರ್ಧ ತರಗತಿ ತೂಕಡಿಸುತ್ತಿತ್ತು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ: ದೇಶಕ್ಕೊಂದು ದನಿ. ದಕ್ಷಿಣ ಅಮೆರಿಕದ ಚಿಲಿ ಎಂದರೆ ಸಮುದ್ರಕ್ಕೂ ಬೆಟ್ಟಕ್ಕೂ ನಡುವೆ ಧೋತರದ ಅಂಚಿನಂತೆ ಉದ್ದಕ್ಕೆ ಬಿದ್ದ ಸಪೂರ ದೇಶ. ಅದಕ್ಕೆ ನಮ್ಮ ಹೆಡ್‌ಮಾಸ್ತರರ ದನಿ ಕೊಟ್ಟೆ. ಅವರು ಮೂರು ಸಲ ಕೆಮ್ಮದೆ ಮಾತು ಆರಂಭಿಸುತ್ತಿರಲಿಲ್ಲ. ಬೆಟ್ಟದ ಆಚೆಗೆ ಅಗಲವಾಗಿ ಮಲಗಿದ ಅರ್ಜೆಂಟೀನಾಕ್ಕೆ ನಮ್ಮ ಪೊಲೀಸ್ ಅಮೀನರ ದನಿ: ದವಡೆಯಲ್ಲಿ ಪಾನು, ಮಾತಿನ ತುದಿಗೆ ಏನು ತಿಳೀತು ಎನ್ನುವ "ಕ್ಯಾ ಸಮಝೇ?" ಪಾಠ ಆ ಎರಡು ದೇಶಗಳ ಗಡಿ ಜಗಳದ್ದು, ಕೊನೆಗೆ ತೋಪು ಕರಗಿಸಿ ಅವು ಮಾಡಿಕೊಂಡ ರಾಜಿಯದು. ಎಡಗಡೆ ಕೂತವರು ಅರ್ಜೆಂಟೀನಾ, ಬಲಗಡೆಯವರು ಚಿಲಿ. ಮೂರು ಕೆಮ್ಮು ಕೇಳಿದರೆ ಚಿಲಿ ಎದ್ದು ಶುರು ಮಾಡಬೇಕು. ಒಂದು ವಾರದಲ್ಲಿ ಪಾಠ ಎಲ್ಲರಿಗೂ ಬಾಯಿಪಾಠ.

ಎಂಟನೆಯ ದಿನ ಬಾಗಿಲಲ್ಲಿ ಅರ್ಜೆಂಟೀನಾ ಬಂದು ನಿಂತಿತು. ಅಂದರೆ ಖುದ್ದು ಅಮೀನರು. ಹಿಂದೆ ಹೆಡ್‌ಮಾಸ್ತರರು, ಮುಖ ಸುಣ್ಣದ ಗೋಡೆ.

"ಸರಹದ್ದಿನ ಪಾಠ ಮಾಡಾಕತ್ತೀರಂತ? ತೋಪು ಕರಗಿಸೋ ಪಾಠ?" ಎಂದರು ಅಮೀನರು. "ಖಬರ್ ಬಂದೈತಿ ನನಗ."

"ಪುಸ್ತಕದಾಗ ಐತ್ರೀ," ಎಂದಿತು ನನ್ನೊಳಗಿನ ಮೇಕೆ, ತನಗಷ್ಟೇ ಕೇಳುವಂತೆ.

"ಹುಡುಗರು ಹೇಳಲಿ. ನಾ ಕೇಳ್ತೀನಿ." ಕುರ್ಚಿ ಎಳೆದು ಕೂತರು.

ಓಡಬೇಕೆನ್ನಿಸಿತು, ಬಾಗಿಲಿಗೆ ಅಡ್ಡ ಹೆಡ್‌ಮಾಸ್ತರರಿದ್ದರು. ಅಮೀನರ ಎದುರಲ್ಲಿ ಅಮೀನರ ದನಿ! ಅದಕ್ಕಿಂತ ಭಯಂಕರವಾದದ್ದು ಪಾಠದ ಮೊದಲ ಮಾತಿನಲ್ಲೇ ಇತ್ತು. ಎರಡೂ ದೇಶಗಳು ಮೊದಲು ಸ್ಪೇನಿನ ಅರಸನ ಕೈಕೆಳಗಿದ್ದವು. ಅರ್ಜೆಂಟೀನಾದ ಸೈನ್ಯ ಹಿಮದ ಬೆಟ್ಟ ದಾಟಿ ಬಂದು ಚಿಲಿಯವರನ್ನು ಕೂಡಿಕೊಂಡಿತು, ಇಬ್ಬರೂ ಸೇರಿ ಅರಸನ ಆಳ್ವಿಕೆಯನ್ನು ಕಿತ್ತೊಗೆದರು. ಇಂಥ ಮಾತನ್ನು ಆ ವರ್ಷ ಸಿಂಧನೂರಿನಲ್ಲಿ ಅಮೀನರ ಕಿವಿಗೆ ಹಾಕಿದವನು ರಾತ್ರಿ ಊಟಕ್ಕೆ ಮನೆಗೆ ಹೋಗುತ್ತಿರಲಿಲ್ಲ.

ಎಡಗಡೆಯವರು ಎದ್ದರು. ಇಪ್ಪತ್ತು ದವಡೆಗಳಲ್ಲಿ ಇಲ್ಲದ ಪಾನು ಉಬ್ಬಿತು.

"ನಮಗಿಬ್ಬರಿಗೂ ಒಬ್ಬನೇ ಅರಸ ಇದ್ದ, ಕ್ಯಾ ಸಮಝೇ? ನಾವು ಬೆಟ್ಟ ಹತ್ತಿ ಇಳದು ಬಂದ್ವಿ. ಇಬ್ಬರೂ ಕೂಡಿ ಆ ಅರಸನ್ನ..."

ಹೆಡ್‌ಮಾಸ್ತರರು ಹೆದರಿ ನಡುವೆ ಬಾಯಿ ಹಾಕಹೊರಟರು. ಕೆಮ್ಮಿದರು. ಒಂದು, ಎರಡು, ಮೂರು.

ಬಲಗಡೆಯವರು ಟಣ್ಣನೆ ಎದ್ದರು. ಕೆಮ್ಮು ಬಂತೆಂದರೆ ಚಿಲಿಯ ಸರದಿ. ಅರ್ಜೆಂಟೀನಾ ಬಾಯಿ ಮುಚ್ಚಲೇಬೇಕು. ಅದು ನಾನೇ ಮಾಡಿದ ಕಾಯಿದೆ. "ಖಹ್, ಖಹ್, ಖಹ್. ಅರಸನ ಮಾತು ಇರಲಿ, ಬದುವಿನ ಮಾತು ಹೇಳು," ಎಂದಿತು ಚಿಲಿ. "ನೀರು ಯಾ ಕಡಿ ಇಳೀತದೋ ಆ ಕಡಿ ಹೊಲ ಅವರದು. ಅದೇ ನ್ಯಾಯ."

"ಎತ್ತರದ ಶಿಖರ ಎಲ್ಲೈತಿ, ಅಲ್ಲೇ ಗೆರಿ. ಕ್ಯಾ ಸಮಝೇ?" ಎಂದಿತು ಅರ್ಜೆಂಟೀನಾ. ವಾದ ಹೀಗೇ ಬೆಳೆದು, ಯುದ್ಧದ ಹಡಗು ಕೊಳ್ಳುವವರೆಗೂ ಹೋಗಿ, ಕೊನೆಗೆ ಇಂಗ್ಲೆಂಡಿನ ರಾಜನ ಮುಂದೆ ನಕ್ಷೆ ಬಿಚ್ಚಿತು. ಅವನು ನಡುವೆ ಗೆರೆ ಎಳೆದುಕೊಟ್ಟ. ತೋಪುಗಳ ಕಂಚು ಕರಗಿತು. ಅದೇ ಕಂಚು ಗಡಿಯ ಕಣಿವೆಯಲ್ಲಿ ಏಸುವಿನ ಮೂರ್ತಿಯಾಗಿ ನಿಂತಿತು. ಹುಡುಗರು ಕೂತರು.

ಅಮೀನರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಹೆಡ್‌ಮಾಸ್ತರ! ಆ ಕೆಮ್ಮು ನಿಮ್ದು! ಥೇಟ್ ನಿಮ್ದು! ಮತ್ತ ಈ ಇನ್ನೊಂದು ದನಿ ಯಾರದು?"

ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆಂದು ಯಾವ ಮನುಷ್ಯನಿಗೂ ಗೊತ್ತಿಲ್ಲ. ಅದು ಯಾರ ದನಿಯೆಂದು ಹೆಡ್‌ಮಾಸ್ತರರಿಗೆ ಗೊತ್ತಿತ್ತು. ನನ್ನನ್ನು ನೋಡಿದರು. ಎಷ್ಟು ಸಲ ಅವರ ಬೆನ್ನ ಹಿಂದೆ ಕೆಮ್ಮಿದ್ದೆನೋ, ಅಷ್ಟೂ ಲೆಕ್ಕ ಆ ನೋಟದಲ್ಲಿತ್ತು.

"ಅದು ನಮ್ಮ ಮಾಸ್ತರರದೇ ದನಿ, ಸಾಹೇಬ್ರ," ಎಂದರು.

"ಹೌದೇನು? ಮಾತಾಡ್ರಿ ಮತ್ತ. ತೋಪು ಮೊದಲು ಯಾರು ಕರಗಿಸಿದ್ರು?"

ಇನ್ನು ದಾರಿಯಿರಲಿಲ್ಲ. ದವಡೆ ಉಬ್ಬಿಸಿದೆ. ಅಮೀನರ ಕಣ್ಣಲ್ಲಿ ಕಣ್ಣಿಟ್ಟು ಅಮೀನರ ದನಿಯಲ್ಲಿ ಹೇಳಿದೆ: "ಒಬ್ಬರೇ ಮೊದಲು ಕರಗಿಸಿದ್ರ ಸೋತಂಗ ಆಗ್ತದ್ರೀ. ಮೊದಲು ಇಬ್ಬರೂ ಒಪ್ಪಿಕೊಂಡ್ರು. ಕ್ಯಾ ಸಮಝೇ?" ಕೊನೆಯ ಎರಡು ಮಾತು ರೂಢಿಯಿಂದ ಜಾರಿಬಿಟ್ಟವು.

"ಮರ್ದ್ ದನಿ, ಗಂಡಸಿನ ದನಿ," ಎಂದು ತಲೆದೂಗಿದರು ಅಮೀನರು. ಎದ್ದರು. "ಬರ್ರಿ ಹೊರಗ."

ಮಸ್ಕಿಯ ಮಾಸ್ತರರನ್ನೂ ಹೀಗೇ ಕರೆದಿದ್ದರಂತೆ. ರುಮಾಲು ತೆಗೆದುಕೊಳ್ಳಲೋ ಬೇಡವೋ ತಿಳಿಯದೆ ಬರಿಗೈಯಲ್ಲಿ ಹೋದೆ. ಬೇವಿನ ಗಿಡದ ಕೆಳಗೆ ಅವರು ಪಾನು ಉಗುಳಿದರು.

"ನಾಳಿಂದ ನನ್ನ ಡ್ಯೂಟಿ ಹೊಳಿ ದಂಡಿಗೆ," ಎಂದರು. "ಆಚಿ ದಂಡ್ಯಾಗ ನನ್ನ ತಂಗಿ ಮನಿ ಐತಿ. ಆಕಿ ಒಲಿ ಹೊಗಿ ನನ್ನ ಚೌಕಿಗೆ ಕಾಣ್ತದಂತ. ನಮ್ಮ ಹೊಳಿಗೂ ಯಾರರ ಬರ್ತಾರೇನ್ರಿ, ಗೆರಿ ಎಳದು ಕೊಡಾಕ?"

ದವಡೆ ಉಬ್ಬಲಿಲ್ಲ. "ಗೊತ್ತಿಲ್ರೀ, ಸಾಹೇಬ್ರ," ಎಂದಿತು ಮೇಕೆ.

ಅವರು ನನ್ನನ್ನೇ ನೋಡಿದರು.

"ಇದು ನಿಮ್ಮ ದನಿ?"

"ಹೌದ್ರೀ."

"ಮತ್ತ ಅದು ನಂದು." ಕೇಳಲಿಲ್ಲ, ಹೇಳಿದರು. ಸೈಕಲ್ಲಿನ ಮೇಲೆ ಕೈಯಿಟ್ಟು ನಿಂತರು. "ಅದನ್ನ ಇಟಗೋರಿ. ಆ ಹೊಳಿ ಮಗ್ಗಲ ಕುಂತು ನನಗ ಆ ದನಿ ಬಾಯಿಗೆ ಬರೋದು ಕಷ್ಟ ಐತಿ."

ಹೋದರು. ಎಷ್ಟೋ ದಿನ ಸೈಕಲ್ಲಿನ ಸದ್ದು ಕೇಳಿದರೆ ನನ್ನ ಕೈಯ ಸುಣ್ಣದ ಕಡ್ಡಿ ಮುರಿಯುತ್ತಿತ್ತು.

ಮರುದಿನ ಪಾಠಕ್ಕೆ ನಿಂತು ಅರ್ಜೆಂಟೀನಾ ಶುರು ಮಾಡಿದೆ, ಮೇಕೆಯೇ ಬಂತು. ಎಡಗಡೆಯ ಮೂಲೆಯಿಂದ ಒಬ್ಬ, "ಸರ, ಅರ್ಜೆಂಟೀನಾಕ ನೆಗಡಿ ಆಗೈತೇನ್ರೀ?" ಎಂದ. ನಾನು ಮತ್ತೆ ದವಡೆ ಉಬ್ಬಿಸುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಹೆಡ್‌ಮಾಸ್ತರರು ಮೂರು ಸಲ ಕೆಮ್ಮಿದರು. ಬಲಗಡೆಯವರೆಲ್ಲ ಎದ್ದು ನಿಂತರು.