ಕುಡಿಯುತ್ತಿದ್ದವಳು ನಾನು, ಮೀಟಿಂಗಿನಲ್ಲಿ ಕೂರಿಸಿದ್ದು ಗಂಡನನ್ನು

ನಿಮಗೂ ಹೀಗಾಗಿದೆಯೇ? ಕಾಯಿಲೆ ನಿಮ್ಮದು, ಆದರೆ ಎಲ್ಲರೂ ನಿಮ್ಮ ಗಂಡನ ಮುಖ ನೋಡಿಕೊಂಡೇ ವಿಚಾರಿಸುವುದು?

ನಾನು ಕುಡಿಯುತ್ತಿದ್ದೆ. ಪಾರ್ಟಿಯಲ್ಲಿ ಒಂದು ಗ್ಲಾಸ್ ವೈನ್ ಎನ್ನುವ ಲೆಕ್ಕದಲ್ಲಲ್ಲ. ದಿನಾ, ಸ್ಟೀಲ್ ಬಾಟಲಿಯಲ್ಲಿ, ವೋಡ್ಕಾ. ಹೇರೋಹಳ್ಳಿಯ ನಮ್ಮ ಬೀದಿಗೆ ನಾನು ಟ್ಯೂಷನ್ ಆಂಟಿ. ಒಂದು ಸಂಜೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನೀರೆಂದುಕೊಂಡು ಆ ಬಾಟಲಿಗೆ ಕೈ ಹಾಕಿದಳು. ಕಿತ್ತುಕೊಂಡೆ. ಮಾರನೇ ದಿನವೇ ಡಾಕ್ಟರ ಹತ್ತಿರ ಹೋದೆ. ಅವರು ಮಾತ್ರೆ ಬರೆದುಕೊಟ್ಟರು, ಕುಡಿತ ಬಿಟ್ಟವರೆಲ್ಲ ಸೇರುವ ಮೀಟಿಂಗುಗಳಿರುತ್ತವೆ, ಅದಕ್ಕೂ ಹೋಗಬೇಕು ಎಂದರು. ಇಷ್ಟನ್ನೂ ಅವರು ಹೇಳಿದ್ದು ಪಕ್ಕದಲ್ಲಿ ಕೂತಿದ್ದ ನನ್ನ ಗಂಡನಿಗೆ!

ನನ್ನ ಗಂಡನೋ, ಜನ್ಮದಲ್ಲಿ ಬಿಯರ್ ಮೂಸಿದವರಲ್ಲ. ಕೆಮ್ಮಿನ ಸಿರಪ್ಪಿನ ಲೇಬಲ್ಲನ್ನೂ ಎರಡು ಸಲ ಓದಿಯೇ ಕುಡಿಯುವ ಆಸಾಮಿ.

ಹುಡುಕಿ ಹುಡುಕಿ ಅಂಥ ಮೀಟಿಂಗಿನ ಒಂದು ನಂಬರ್ ಸಿಕ್ಕಿತು. ಫೋನ್ ಮಾಡಿದೆ. ಆ ಕಡೆ ಒಬ್ಬ ಗಂಡಸು.

"ಹೇಳಿ ಮೇಡಂ, ಯಜಮಾನ್ರು ಎಷ್ಟು ವರ್ಷದಿಂದ ತಗೋತಾರೆ?"

"ಅವ್ರಲ್ಲ ಸಾರ್..."

"ಓ, ಮಗನಾ? ಏನ್ ವಯಸ್ಸು?"

ಮೈ ಉರಿದುಹೋಯಿತು. "ಎಲ್ಲಿ, ಎಷ್ಟೊತ್ತಿಗೆ ಅಂತ ಹೇಳಿ ಸಾರ್, ಸಾಕು" ಎಂದೆ. ವಿಜಯನಗರದ ಮಾರ್ಕೆಟ್ ಹಿಂದಿನ ಒಂದು ಶಾಲೆ, ಭಾನುವಾರ ಸಂಜೆ ಆರಕ್ಕೆ.

ಗಂಡ ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಹೊರಗೆ ಬೋರ್ಡ್ ಇರಲಿಲ್ಲ. ಗೇಟಿನ ಹತ್ತಿರ ಹೂವು ಮಾರುತ್ತಿದ್ದವಳನ್ನು ಕೇಳಿದೆ. "ಕುಡಿಯೋರ ಮೀಟಿಂಗಾ? ಹಿಂದ್ಗಡೆ ಹೋಗಕ್ಕ" ಎಂದು ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ನೋಡೋಕೆ ಸಾಧು ತರ ಇದಾರೆ, ಪಾಪ."

ಬಾಗಿಲಲ್ಲಿ ಬಿಳಿ ಶರ್ಟಿನ ಹಿರಿಯರೊಬ್ಬರು ನಿಂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡನ ಹೆಗಲಿಗೆ ಕೈ ಹಾಕಿಯಾಗಿತ್ತು. "ಬನ್ನಿ ಸಾರ್, ನಾಚ್ಕೋಬೇಡಿ. ಬಂದ್ರಲ್ಲ, ಅದೇ ದೊಡ್ಡದು. ಮೇಡಂ, ಮನೆಯವ್ರದ್ದು ಪಕ್ಕದ ರೂಮು." ನನ್ನ ಗಂಡ ನನ್ನನ್ನೊಮ್ಮೆ ನೋಡಿದರು, ಅವರ ಜೊತೆ ಒಳಗೆ ಹೋಗಿಯೇಬಿಟ್ಟರು!

ಪಕ್ಕದ ರೂಮಿನಲ್ಲಿ ಏಳೆಂಟು ಜನ ಹೆಂಡತಿಯರು ಮಕ್ಕಳ ಬೆಂಚುಗಳಲ್ಲಿ ಇಕ್ಕಟ್ಟಾಗಿ ಕೂತಿದ್ದರು. ಹಿರಿಯ ಹೆಂಗಸೊಬ್ಬರು ಜಾಗ ಮಾಡಿಕೊಟ್ಟರು.

"ಕೂತ್ಕೊಳಮ್ಮ. ಹೊಡೀತಾರಾ?"

"ಇಲ್ಲ ಆಂಟಿ."

"ಮನೇಲಿ ಬಚ್ಚಿಡ್ತಾರಾ?"

"ಅಕ್ಕಿ ಡಬ್ಬದಲ್ಲಿ."

"ಸುಳ್ಳು?"

"ದಿನಾ."

"ಅಯ್ಯೋ ನನ್ ಕಂದ, ಎಷ್ಟು ಅನುಭವಿಸಿದೀಯೇ!" ಎಂದು ಬೆನ್ನು ಸವರಿದರು.

ನಾನು ಮಾಡಿದ್ದೆಲ್ಲ ಗಂಡನ ತಲೆಗೆ, ಸಮಾಧಾನ ಮಾತ್ರ ನನಗೆ. ಒಂದು ಕ್ಷಣ ಹಿತವಾಗಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ನನ್ನ ಗಂಟಲು ಒಣಗುವ ಹೊತ್ತು. ಬಿಟ್ಟು ಐದೇ ದಿನ. ಹೀಗೇ ಪಾಪದವಳಾಗಿ ಮನೆಗೆ ಹೋದರೆ ಇವತ್ತೇ ಮತ್ತೆ ಶುರುಮಾಡುತ್ತೇನೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

"ಆಂಟಿ, ಕುಡಿಯೋದು ಅವ್ರಲ್ಲ. ನಾನು."

ಬೆನ್ನ ಮೇಲಿದ್ದ ಕೈ ನಿಂತಿತು. "ಹೆಂಗ್ಸಾಗಿ?" ಎಂದರು.

"ನಿಮ್ ಯಜಮಾನ್ರನ್ನ ಯಾರಾದ್ರೂ 'ಗಂಡಸಾಗಿ?' ಅಂತ ಕೇಳಿದಾರಾ?"

ಉತ್ತರಕ್ಕೆ ಕಾಯಲಿಲ್ಲ, ಎದ್ದು ಗಂಡನಿದ್ದ ರೂಮಿಗೆ ಹೋದೆ. ನನ್ನ ಗಂಡ ಟೀ ಲೋಟ ಹಿಡಿದು ಬೆವರುತ್ತಿದ್ದರು. "ಹೊಸಬರು, ಎರಡು ಮಾತು ಹೇಳಿ ಸಾರ್" ಎಂದು ಎಲ್ಲರೂ ಅವರನ್ನು ಹುರಿದುಂಬಿಸುತ್ತಿದ್ದರು.

"ಅವ್ರು ಕುಡಿಯಲ್ಲ. ನಾನ್ ಕುಡಿಯೋದು. ಬಿಟ್ಟು ಐದು ದಿನ ಆಯ್ತು."

ಬಿಳಿ ಶರ್ಟಿನವರು ತಡಬಡಾಯಿಸಿದರು. "ಇಲ್ಲಿ ಬರೀ ಗಂಡಸ್ರು ಮೇಡಂ... ನಿಮಗೇ ಮುಜುಗರ ಆಗುತ್ತೆ."

"ನಂಗಾಗ್ತಿಲ್ಲ ಸಾರ್. ನಿಮಗಾಗ್ತಿದ್ಯಾ?"

ಹಿಂದಿನಿಂದ ಖಾಕಿ ಶರ್ಟಿನ ಆಟೋದವರೊಬ್ಬರು ದನಿಯೆತ್ತಿದರು. "ಐದು ದಿನ ಅಂತೆ, ಜಾಗ ಬಿಡ್ರಪ್ಪ! ನಾನ್ ಇಲ್ಲಿಗ್ ಬಂದಾಗ ಬಿಟ್ಟು ಐದು ಗಂಟೇನೂ ಆಗಿರ್ಲಿಲ್ಲ." ಎಲ್ಲರೂ ನಕ್ಕರು. ನನ್ನ ಗಂಡ ಎದ್ದರು. ಅವರ ಕುರ್ಚಿಯಲ್ಲಿ ನಾನು ಕೂತೆ. ಮಾತಾಡಿದೆ, ಅಕ್ಕಿ ಡಬ್ಬದ ಸಮೇತ.

ವಾಪಸ್ ಬರುವಾಗ ಸ್ಕೂಟರಿನ ಹಿಂದೆ ಕೂತು ಕೇಳಿದೆ, "ಯಾಕ್ರೀ ಬಾಯಿ ಬಿಡ್ಲಿಲ್ಲ?"

"ನಿನ್ ಮರ್ಯಾದೆ ಉಳೀಲಿ ಅಂತ ಕಣೇ."

"ಮರ್ಯಾದೆ ಇಟ್ಕೊಂಡು ಏನ್ ಮಾಡ್ಲಿ? ನಂಗೆ ಬೇಕಾಗಿದ್ದು ಆ ಕುರ್ಚಿ."

ಪಾಪ, ಒಳ್ಳೆಯ ಮನುಷ್ಯ. ಆದರೂ ಅವರ ಮೇಲಿನ ಆ ಸಿಟ್ಟು ಇನ್ನೂ ಇಳಿದಿಲ್ಲ. ಹೆಂಡತಿ ಕುಡಿಯುತ್ತಾಳೆ ಎನ್ನುವುದಕ್ಕಿಂತ ತಾನೇ ಕುಡುಕ ಅನ್ನಿಸಿಕೊಳ್ಳುವುದು ಅವರಿಗೆ ಸುಲಭವಾಗಿ ಕಂಡಿತಲ್ಲ!

ಈಗ ಭಾನುವಾರಗಳಲ್ಲಿ ಆ ಬಾಗಿಲಲ್ಲಿ ನಿಲ್ಲುವವಳು ನಾನೇ. ಗಂಡ ಹೆಂಡತಿ ಜೊತೆಯಲ್ಲಿ ಬಂದರೆ, ಯಾರ ಹೆಗಲಿಗೂ ಕೈ ಹಾಕುವುದಿಲ್ಲ. "ಯಾರಿಗೆ?" ಎಂದು ಕೇಳುತ್ತೇನೆ. ಹೋದ ತಿಂಗಳು ಒಬ್ಬಳು ತಲೆ ತಗ್ಗಿಸಿಕೊಂಡೇ, "ನನಗೇ" ಎಂದಳು.

ಕುಡಿತ ಬಿಡಲು ಹೊರಟು ಹೀಗೆ ಗಂಡನದೋ ಮಗನದೋ ನೆರಳಲ್ಲಿ ಕೂತು ಬಂದ ಹೆಂಗಸರು ನೀವಾಗಿದ್ದರೆ, ಕೆಳಗೆ ಬರೆಯಿರಿ. ಹೆಸರು ಬೇಡ, ಊರೂ ಬೇಡ. ಎಷ್ಟು ದಿನ ಆಯಿತು ಎಂದಷ್ಟೇ ಬರೆದರೂ ಸರಿ, ನಾನು ಓದುತ್ತೇನೆ.