ಲಕ್ಷ್ಮೀದೇವಿ ಮೇಡಂ ಮತ್ತು ನನ್ನ ದೂರು

ಲಕ್ಷ್ಮೀದೇವಿ ಮೇಡಂ ಅವರ ಮುಖಕ್ಕಿಂತ ಕೈಗಳೇ ನನಗೆ ಹೆಚ್ಚು ಪರಿಚಿತ. ಪುಣೆಯ ಪ್ರಯೋಗಾಲಯದಲ್ಲಿ ಕೂತು, ತುಮಕೂರಿನ ಸೈಬರ್ ಕೆಫೆಯಲ್ಲಿದ್ದ ನನ್ನೊಂದಿಗೆ ಮಾತನಾಡುವಾಗ ಅವರ ಕ್ಯಾಮೆರಾ ಸದಾ ಮೇಜಿನತ್ತ ತಿರುಗಿರುತ್ತಿತ್ತು. ವಿಜ್ಞಾನದಲ್ಲಿ ತಮ್ಮವರೆನ್ನಲು ಯಾರೂ ಇಲ್ಲದ ಸಮುದಾಯಗಳ ಹೊಸಬರಿಗೆ ದೂರದಿಂದಲೇ ಮಾರ್ಗದರ್ಶಕರನ್ನು ಒದಗಿಸುವ ಯೋಜನೆಯೊಂದು ನಮ್ಮಿಬ್ಬರನ್ನು ಜೋಡಿಸಿತ್ತು. ನಾನು ಉಪ್ಪಾರಹಳ್ಳಿಯ ದರ್ಜಿಯ ಮಗಳು. ಕಡಬದ ಕೆರೆಯ ಪಾಚಿಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದೆ. ಅವರು ಕುಣಿಗಲ್ ಬಳಿಯ ದಲಿತ ಕೇರಿಯಿಂದ ಹೋದವರು.

"ಮುಖ ನೋಡೋಕೆ ನಾವೇನು ಹೆಣ್ಣು ನೋಡೋ ಶಾಸ್ತ್ರ ಮಾಡ್ತಿದೀವಾ? ಈ ವಾರದ ಅಳತೆ ಓದೇ" ಎನ್ನುತ್ತಿದ್ದರು. ನಾನು ಓದಿದ್ದನ್ನೆಲ್ಲ ಅವರ ಪೆನ್ನು ದಪ್ಪ ಪುಸ್ತಕವೊಂದಕ್ಕೆ ಇಳಿಸಿಕೊಳ್ಳುತ್ತಿತ್ತು. ಒಮ್ಮೆ ತಟ್ಟನೆ ನಿಂತಿತು. "ಭಾನುವಾರ ನೀರು ತಂದೆ ಅಂತೀಯ. ಅವತ್ತು ನಿಮ್ಮಕ್ಕನ ನಿಕಾ ಅಂದಿದ್ದೆ. ಕೆರೆ ಏನು ಮದ್ವೆ ಮನೆಗೇ ಬಂದಿತ್ತೇನೇ?" ಆ ದಿನದ ಅಳತೆಯನ್ನು ನಾನು ಅಂದಾಜಿನಲ್ಲಿ ತುಂಬಿದ್ದೆ, ಹೊಡೆದುಹಾಕಿಸಿದರು.

ನಾಚಿಕೆಗಿಂತ ವೇಗವಾಗಿ ಬೆಳೆದದ್ದು ಅನುಮಾನ. ನನ್ನ ಅಂಕಿಗಳು ಇವರಿಗೇಕೆ? ಎರಡು ವರ್ಷದ ದುಡಿಮೆ ಅವರ ಹೆಸರಿನಲ್ಲಿ ಅಚ್ಚಾದರೆ ಯಾರನ್ನು ಕೇಳಲಿ? ಹಾಗೆ ಕಳೆದುಕೊಂಡವರನ್ನು ವಿಶ್ವವಿದ್ಯಾಲಯದಲ್ಲಿ ಕಣ್ಣಾರೆ ಕಂಡಿದ್ದೆ. 'ಹೊಣೆಗಾರಿಕೆ' ಎಂಬ ಪದವನ್ನು ಮೂರು ಸಲ ಬಳಸಿ ಯೋಜನೆಯ ಕಚೇರಿಗೆ ದೂರು ಬರೆದೆ. ಹತ್ತೇ ದಿನಕ್ಕೆ ಮೇಡಂ ಅವರನ್ನು ಯೋಜನೆಯಿಂದ ಕೈಬಿಟ್ಟರು.

ಆ ವಾರವೇ ಪುಣೆಯಿಂದ ಅಂಚೆಯಲ್ಲಿ ಅದೇ ದಪ್ಪ ಪುಸ್ತಕ ಬಂತು. ಪ್ರತಿ ಪುಟದ ಮೇಲೆ ನನ್ನ ಹೆಸರು, ತಾರೀಖು. ಕೆಳಗೆ 'ಶಾಹೀನ್ ಹೇಳಿದಂತೆ ಬರೆದುಕೊಂಡಿದ್ದೇನೆ' ಎಂಬ ಸಾಲಿನಡಿ ಅವರ ಸಹಿ.

ಅವರು ರಜೆಗೆ ಬಂದಿದ್ದಾರೆಂದು ತಿಳಿದು ಕುಣಿಗಲ್ಲಿಗೆ ಓಡಿದೆ. ತಮ್ಮ ಅಣ್ಣನ ಮನೆಯ ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು.

"ನಮ್ಮಂಥೋರು ಸರಿಯಾದ ಉತ್ತರ ತಂದ್ರೆ ಎಲ್ಲಿ ಕದ್ದೆ ಅಂತಾರೆ ಕಣೇ. ನನ್ನೂ ಅಂದಿದ್ರು. ಅವತ್ತು ನನ್ ಪರ ಸಾಕ್ಷಿ ಹೇಳೋರಿರ್ಲಿಲ್ಲ. ನಿಂಗಿರ್ಲಿ ಅಂತ ಬರ್ಕೊಂಡೆ."

ವಿಚಾರಣೆಯನ್ನೇ ನಡೆಸದೆ ತೀರ್ಪು ಕೊಟ್ಟ ಕಚೇರಿಯಿಂದ ವಿವರಣೆ ಪಡೆದೇ ತೀರುತ್ತೇನೆಂದು ನಾನು ಕೂಗಾಡಿದೆ.

"ಕೇಳು, ಬಿಡ್ಬೇಡ. ಅವ್ರು ನನ್ನ ಒಂದ್ ಮಾತೂ ಕೇಳ್ಲಿಲ್ಲ, ಅದು ತಪ್ಪೇ." ಲೋಟ ಕೆಳಗಿಟ್ಟರು. "ನೀನೂ ಕೇಳ್ಲಿಲ್ವಲ್ಲೇ."

ಮೇಡಂ ಮತ್ತೆ ಯಾರಿಗೂ ಮಾರ್ಗದರ್ಶಕರಾಗಲಿಲ್ಲ. ಕಚೇರಿಗೆ ಐದು ಪತ್ರ ಬರೆದಿದ್ದೇನೆ, ಉತ್ತರವಿಲ್ಲ. ಮೇಡಂಗೆ ಬರೆಯಲು ಕೂತ ಪತ್ರ ಮಾತ್ರ ಇನ್ನೂ ಮೊದಲ ಸಾಲು ದಾಟಿಲ್ಲ.